ವೋಲ್ಟ್, ಆಂಪೇರ್, ಓಮ್, ವ್ಯಾಟ್: ಒಂದು ಲೆಕ್ಕದ ಗೊಂದಲ

ಮನೆಯ ದೀಪ ಆರಿದಾಗ ಕನ್ನಡಿಗರು 'ಕರೆಂಟು ಹೋಯಿತು' ಎನ್ನುತ್ತೇವೆ. ಮುಂಬಯಿಯ ಚಾಳಿನಲ್ಲಿ ಅದೇ ಕ್ಷಣಕ್ಕೆ ಪಕ್ಕದ ಮನೆಯ ಮರಾಠಿಗರು 'ಲಾಯಿಟ್ ಗೇಲಿ' ಎನ್ನುತ್ತಾರೆ. ತಂತಿ ಮುಟ್ಟಿ ಬೆಚ್ಚಿಬಿದ್ದವನು 'ಕರೆಂಟು ಹೊಡೆಯಿತು' ಎಂದು ಹೇಳುತ್ತಾನೆ; ತಿಂಗಳ ಬಿಲ್ಲು ನೋಡಿ ಗಾಬರಿಯಾದ ಗೃಹಿಣಿ 'ಈ ಸಲ ಕರೆಂಟು ಬಹಳ ಖರ್ಚಾಗಿದೆ' ಎನ್ನುತ್ತಾಳೆ. ವ್ಯವಹಾರಕ್ಕೆ ಈ ಒಂದು ಪದ ಸಾಲುತ್ತದೆ. ಆದರೆ ಭೌತವಿಜ್ಞಾನದ ದೃಷ್ಟಿಯಿಂದ ಮೇಲಿನ ಮೂರು ಮಾತುಗಳಲ್ಲಿ ಅದು ಮೂರು ಬೇರೆ ಬೇರೆ ಸಂಗತಿಗಳನ್ನು ಸೂಚಿಸುತ್ತದೆ. ಮೊದಲನೆಯದರಲ್ಲಿ ಹೋದದ್ದು ವಿಭವಾಂತರ; ಎರಡನೆಯದರಲ್ಲಿ ಹೊಡೆದದ್ದು ನಿಜಕ್ಕೂ ಪ್ರವಾಹ; ಮೂರನೆಯದರಲ್ಲಿ ಖರ್ಚಾದದ್ದು ಶಕ್ತಿ. ಈ ಭೇದವನ್ನು ಅರಿಯದೆ ವಿದ್ಯುತ್ತಿನ ಲೆಕ್ಕಕ್ಕೆ ಕೈಹಾಕಿದರೆ ಸೂತ್ರಗಳು ಕಂಠಪಾಠವಾಗಬಹುದು, ಲೆಕ್ಕ ಮಾತ್ರ ನಮ್ಮದಾಗುವುದಿಲ್ಲ.

ಇದನ್ನು ನಾನು ಅರಿತುಕೊಂಡದ್ದು ಅಧ್ಯಾಪಕನಾದ ಮೇಲೆಯೇ ಎಂಬುದನ್ನು ಸಂಕೋಚದಿಂದ ಒಪ್ಪಿಕೊಳ್ಳಬೇಕು. ಹಗಲು ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿದು ರಾತ್ರಿ ಓದುವ ಹುಡುಗರಿಗಾಗಿ ಮುಂಬಯಿಯಲ್ಲಿ ನಡೆಯುತ್ತಿದ್ದ ಕನ್ನಡ ರಾತ್ರಿಶಾಲೆಗಳಲ್ಲಿ ಒಂದರಲ್ಲಿ ನಾನು ಕೆಲವು ಕಾಲ ವಿಜ್ಞಾನ ಕಲಿಸುತ್ತಿದ್ದೆ. ಒಂದು ರಾತ್ರಿ ಕರಿಹಲಗೆಯ ಮೇಲೆ 'ಶಾಖವು ಪ್ರವಾಹದ ವರ್ಗಕ್ಕೂ ರೋಧಕ್ಕೂ ಅನುಲೋಮವಾಗಿರುತ್ತದೆ' ಎಂದು ಬರೆದು, 'ಆದುದರಿಂದ ರೋಧ ಹೆಚ್ಚಿದಷ್ಟೂ ಶಾಖ ಹೆಚ್ಚು' ಎಂದು ವಿವರಿಸಿದೆ. ಹಿಂದಿನ ಬೆಂಚಿನಿಂದ ದಕ್ಷಿಣ ಕನ್ನಡದ ಒಬ್ಬ ಹುಡುಗ ಎದ್ದು ನಿಂತ. ಕ್ಯಾಂಟೀನಿನಲ್ಲಿ ಚಹಾ ಮಾಡುವುದು ಅವನ ಕೆಲಸ.

"ಸರ್, ನಮ್ಮ ಶೆಗಡಿಯ ಕಾಯಿಲು ಆಗಾಗ ತುಂಡಾಗ್ತದೆ. ಸುಟ್ಟುಹೋದ ತುದಿಯನ್ನು ಮುರಿದು ತೆಗೆದು ಉಳಿದದ್ದನ್ನು ಎಳೆದು ಸಿಕ್ಕಿಸ್ತೇವೆ. ಆಮೇಲೆ ಅದು ಮೊದಲಿಗಿಂತ ಜಾಸ್ತಿ ಕೆಂಪಾಗ್ತದೆ. ತಂತಿ ಗಿಡ್ಡ ಆದರೆ ರೋಧ ಕಡಿಮೆ ಅಂತ ನೀವೇ ಹೇಳಿದ್ದೀರಿ. ಹಾಗಾದ್ರೆ ಶಾಖ ಕಡಿಮೆ ಆಗ್ಬೇಕಿತ್ತಲ್ಲಾ?"

ನಾನು ಏನೋ ಒಂದು ಸಮಾಧಾನ ಹೇಳಿದೆ. ತಂತಿ ಹಳತಾಗಿರಬಹುದು, ಕಣ್ಣಿಗೆ ಹಾಗೆ ತೋರಿರಬಹುದು ಎಂದೇನೋ ಅಂದ ನೆನಪು. ಹುಡುಗ ಸುಮ್ಮನೆ ಕುಳಿತ. ಅವನಿಗೆ ಒಪ್ಪಿಗೆಯಾಗಿರಲಿಲ್ಲ ಎಂಬುದು ಮುಖದಲ್ಲಿ ಕಾಣುತ್ತಿತ್ತು. ದಿನವೂ ಆ ಶೆಗಡಿಯ ಮುಂದೆ ನಿಲ್ಲುವವನು ಅವನು, ನಾನಲ್ಲ. ಅವನು ಕಂಡದ್ದು ಸತ್ಯ. ನಾನು ಹೇಳಿದ್ದು ಅರ್ಧಸತ್ಯ. ಆ ಪ್ರಶ್ನೆಗೆ ಅಂದೇ ಕೊಡಬೇಕಾಗಿದ್ದ ಉತ್ತರವನ್ನು ಸಾಧ್ಯವಾದಷ್ಟು ಪೂರ್ಣವಾಗಿ ಇಲ್ಲಿ ಕೊಡುವುದು ಈ ಲೇಖನದ ಉದ್ದೇಶ.

ಮೊದಲು ಪದಗಳ ಮಾತು. ಕಟ್ಟಡದ ಮಾಳಿಗೆಯ ಮೇಲಿರುವ ನೀರಿನ ತೊಟ್ಟಿಯನ್ನು ಊಹಿಸಿಕೊಳ್ಳೋಣ. ತೊಟ್ಟಿ ಎತ್ತರದಲ್ಲಿದ್ದಷ್ಟೂ ಕೆಳಮನೆಯ ನಲ್ಲಿಯಲ್ಲಿ ನೀರಿನ ಒತ್ತಡ ಹೆಚ್ಚು. ಈ ಎತ್ತರದ ವ್ಯತ್ಯಾಸಕ್ಕೆ ಸಂವಾದಿಯಾದದ್ದು ವಿಭವಾಂತರ. ಅದರ ಮಾನ ವೋಲ್ಟ್. ಮಹಾರಾಷ್ಟ್ರದ ವಿದ್ಯುತ್ ಇಲಾಖೆಯ ಭಾಷೆಯಲ್ಲಿ 'ಉಚ್ಚದಾಬ' ಎಂಬ ಮಾತಿದೆ. 'ದಾಬ' ಎಂದರೆ ಒತ್ತಡವೇ. ಕೊಳವೆಯಲ್ಲಿ ಸೆಕೆಂಡಿಗೆ ಎಷ್ಟು ನೀರು ಹರಿಯಿತು ಎಂಬುದಕ್ಕೆ ಸಂವಾದಿಯಾದದ್ದು ಪ್ರವಾಹ. ಅದರ ಮಾನ ಆಂಪೇರ್. ಕೊಳವೆ ಸಣ್ಣದಾಗಿದ್ದರೆ, ಉದ್ದವಾಗಿದ್ದರೆ, ಒಳಗೆ ತುಕ್ಕು ಹಿಡಿದಿದ್ದರೆ ಹರಿವಿಗೆ ಆಗುವ ಅಡ್ಡಿಗೆ ಸಂವಾದಿಯಾದದ್ದು ರೋಧ. ಅದರ ಮಾನ ಓಮ್. ಎಲ್ಲ ಉಪಮೆಗಳಂತೆ ಇದೂ ಒಂದು ಹಂತದವರೆಗೆ ಮಾತ್ರ ನಮ್ಮ ಜೊತೆ ಬರುತ್ತದೆ. ಕೊಳವೆ ಒಡೆದರೆ ನೀರು ಸುರಿಯುತ್ತದೆ. ತಂತಿ ತುಂಡಾದರೆ ವಿದ್ಯುತ್ತು ಸುರಿಯುವುದಿಲ್ಲ, ನಿಲ್ಲುತ್ತದೆ.

ಈ ಮೂರರ ನಡುವಿನ ಸಂಬಂಧವನ್ನು ಕಂಡುಹಿಡಿದವನೂ ಒಬ್ಬ ಶಾಲಾ ಅಧ್ಯಾಪಕನೇ ಎಂಬುದು ನನಗೆ ಪ್ರಿಯವಾದ ಸಂಗತಿ. ಜರ್ಮನಿಯ ಎರ್ಲಾಂಗೆನ್ ಪಟ್ಟಣದಲ್ಲಿ 1789ರಲ್ಲಿ ಬೀಗ ಮಾಡುವವನೊಬ್ಬನ ಮಗನಾಗಿ ಹುಟ್ಟಿದ ಗಿಯಾರ್ಗ್ ಸೈಮನ್ ಓಮ್, ಕಲೋನ್ ನಗರದ ಪ್ರೌಢಶಾಲೆಯಲ್ಲಿ ಗಣಿತ ಮತ್ತು ಭೌತವಿಜ್ಞಾನ ಕಲಿಸುತ್ತಿದ್ದ. ಪ್ರಯೋಗದ ಉಪಕರಣಗಳನ್ನು ತಾನೇ ಮಾಡಿಕೊಳ್ಳುವ ಕೈಚಳಕ ತಂದೆಯಿಂದ ಬಂದಿತ್ತು. ಆ ಕಾಲದ ವಿದ್ಯುತ್ಕೋಶಗಳ ಒತ್ತಡ ನಿಮಿಷ ನಿಮಿಷಕ್ಕೂ ಬದಲಾಗುತ್ತಿದ್ದುದರಿಂದ ಅಳತೆಗಳು ಹೊಂದುತ್ತಿರಲಿಲ್ಲ. ಪೊಗೆನ್‌ಡಾರ್ಫ್ ಎಂಬ ವಿಜ್ಞಾನಿಯ ಸಲಹೆಯಂತೆ ಓಮ್ ತಾಮ್ರ ಮತ್ತು ಬಿಸ್ಮತ್ ಲೋಹಗಳ ಜೋಡಿಯನ್ನು ಬಳಸಿದ. ಒಂದು ಬೆಸುಗೆಯನ್ನು ಕುದಿಯುವ ನೀರಿನಲ್ಲೂ ಇನ್ನೊಂದನ್ನು ಮಂಜುಗಡ್ಡೆಯಲ್ಲೂ ಇಟ್ಟು ಸ್ಥಿರವಾದ ಒತ್ತಡವನ್ನು ಪಡೆದ. ಒಂದನ್ನು ಸ್ಥಿರವಾಗಿರಿಸಿ ಮತ್ತೊಂದನ್ನು ಬದಲಿಸುವುದು ಅವನ ಯಶಸ್ಸಿನ ಗುಟ್ಟು. ನಮ್ಮ ಹುಡುಗನ ಪ್ರಶ್ನೆಯ ಉತ್ತರವೂ ಅದರಲ್ಲೇ ಅಡಗಿದೆ. 1827ರಲ್ಲಿ ಗ್ರಂಥ ಪ್ರಕಟವಾಯಿತು. ಸ್ವದೇಶದಲ್ಲಿ ಅದಕ್ಕೆ ದೊರೆತ ಸ್ವಾಗತ ತಣ್ಣಗಿತ್ತು. ಲಂಡನ್ನಿನ ರಾಯಲ್ ಸೊಸೈಟಿ 1841ರಲ್ಲಿ ಕಾಪ್ಲಿ ಪದಕವನ್ನಿತ್ತ ಮೇಲೆ ಅವನ ಹೆಸರು ನೆಲೆಗೊಂಡಿತು.

ಓಮ್‌ಗಿಂತ ಮೊದಲೇ ಇಂಗ್ಲೆಂಡಿನ ಹೆನ್ರಿ ಕ್ಯಾವೆಂಡಿಶ್ ಇಂಥದೇ ನಿಯಮದ ಸಮೀಪಕ್ಕೆ ಬಂದಿದ್ದ. ಅಳೆಯುವ ಉಪಕರಣವಿಲ್ಲದುದರಿಂದ ತನ್ನ ಮೈಯಲ್ಲೇ ವಿದ್ಯುತ್ತನ್ನು ಹಾಯಿಸಿಕೊಂಡು, ತಗಲಿದ ಪೆಟ್ಟಿನ ಬಲದಿಂದ ಪ್ರವಾಹವನ್ನು ಅಂದಾಜು ಮಾಡಿದನಂತೆ! ಆದರೆ ಅದನ್ನು ಪ್ರಕಟಿಸಲಿಲ್ಲ. ಅವನ ಟಿಪ್ಪಣಿಗಳನ್ನು ಮ್ಯಾಕ್ಸ್‌ವೆಲ್ ಬೆಳಕಿಗೆ ತಂದದ್ದು 1879ರಲ್ಲಿ.

ಓಮ್‌ನ ನಿಯಮ ಹೇಳುವುದಿಷ್ಟೆ: ಉಷ್ಣತೆ ಬದಲಾಗದಿದ್ದರೆ, ಒಂದು ವಾಹಕದಲ್ಲಿ ಹರಿಯುವ ಪ್ರವಾಹ ಅದರ ಎರಡು ತುದಿಗಳ ನಡುವಿನ ವಿಭವಾಂತರಕ್ಕೆ ಅನುಲೋಮವಾಗಿರುತ್ತದೆ. ವೋಲ್ಟನ್ನು ಆಂಪೇರಿನಿಂದ ಭಾಗಿಸಿದರೆ ಬರುವುದು ಓಮ್. ಸಾಮರ್ಥ್ಯದ ಲೆಕ್ಕವೂ ಇಷ್ಟೇ ಸುಲಭ. ಒಂದು ಘಟಕ ವಿದ್ಯುದಾವೇಶ ಸಾಗುವಾಗ ಎಷ್ಟು ಶಕ್ತಿ ಬಿಟ್ಟುಕೊಡುತ್ತದೆ ಎಂಬುದನ್ನು ವೋಲ್ಟ್ ಹೇಳುತ್ತದೆ. ಸೆಕೆಂಡಿಗೆ ಅಂಥ ಎಷ್ಟು ಘಟಕಗಳು ಸಾಗುತ್ತವೆ ಎಂಬುದನ್ನು ಆಂಪೇರ್ ಹೇಳುತ್ತದೆ. ಎರಡನ್ನೂ ಗುಣಿಸಿದರೆ ಸೆಕೆಂಡಿಗೆ ವ್ಯಯವಾಗುವ ಶಕ್ತಿ, ಅಂದರೆ ಸಾಮರ್ಥ್ಯ, ವ್ಯಾಟ್‌ಗಳಲ್ಲಿ ಸಿಗುತ್ತದೆ. ವೋಲ್ಟ್ ಗುಣಿಸು ಆಂಪೇರ್, ವ್ಯಾಟ್. ಸಾವಿರ ವ್ಯಾಟಿನ ಉಪಕರಣ ಒಂದು ಗಂಟೆ ಉರಿದರೆ ನಮ್ಮ ಬಿಲ್ಲಿನ ಒಂದು ಯೂನಿಟ್. (ಫ್ಯಾನು, ಪಂಪುಗಳಂಥ ಮೋಟಾರುಗಳಲ್ಲಿ ಪರ್ಯಾಯ ಪ್ರವಾಹದ ಕಾರಣ ಈ ಗುಣಲಬ್ಧ ನಿಜವಾದ ವ್ಯಾಟಿಗಿಂತ ಹೆಚ್ಚಾಗಿ ಬರುತ್ತದೆ. ಕಾಯಿಸುವ ತಂತಿಗಳಲ್ಲಿ ಆ ತೊಡಕಿಲ್ಲ.)

ಈಗ ಲೆಕ್ಕ. ಶೆಗಡಿಯ ಮೇಲೆ 230 ವೋಲ್ಟ್, 1000 ವ್ಯಾಟ್ ಎಂದು ಬರೆದಿದೆ ಎನ್ನೋಣ. 1000ವನ್ನು 230ರಿಂದ ಭಾಗಿಸಿದರೆ ಪ್ರವಾಹ ಸುಮಾರು 4.35 ಆಂಪೇರ್. 230ನ್ನು 4.35ರಿಂದ ಭಾಗಿಸಿದರೆ ರೋಧ ಸುಮಾರು 53 ಓಮ್. ಅದೇ ರೀತಿ 60 ವ್ಯಾಟಿನ ಹಳೆಯ ಮಾದರಿಯ ಬಲ್ಬಿಗೆ ಪ್ರವಾಹ 0.26 ಆಂಪೇರ್, ರೋಧ ಸುಮಾರು 880 ಓಮ್. ಉತ್ಸಾಹಿ ವಿದ್ಯಾರ್ಥಿಯೊಬ್ಬ ಆರಿದ ಬಲ್ಬನ್ನು ಮೀಟರಿಗೆ ಹಿಡಿದರೆ 880 ಬರುವುದಿಲ್ಲ. ಅದರ ಹತ್ತರಲ್ಲೊಂದು ಭಾಗಕ್ಕಿಂತಲೂ ಕಡಿಮೆ ಬರುತ್ತದೆ. ಮೀಟರು ಕೆಟ್ಟಿಲ್ಲ, ಲೆಕ್ಕವೂ ತಪ್ಪಿಲ್ಲ. ಬೆಳಗುವಾಗ ಎರಡು ಸಾವಿರ ಡಿಗ್ರಿಗೂ ಮಿಕ್ಕಿ ಕಾಯುವ ಟಂಗ್‌ಸ್ಟನ್ ತಂತುವಿನ ರೋಧ ಕಾವಿನೊಡನೆ ಹಲವು ಪಟ್ಟು ಏರುತ್ತದೆ. 'ಉಷ್ಣತೆ ಬದಲಾಗದಿದ್ದರೆ' ಎಂಬ ಷರತ್ತು ನಿಯಮದಲ್ಲಿ ಇರುವುದು ಇದಕ್ಕೇ. ಶೆಗಡಿಯ ನೈಕ್ರೋಮ್ ತಂತಿಯಲ್ಲಿ ಈ ಏರಿಕೆ ಅತ್ಯಲ್ಪ. ಆದ್ದರಿಂದ ಅದನ್ನು ಇಲ್ಲಿ ಬಿಡಬಹುದು.

ಸಾಮರ್ಥ್ಯದ ಸೂತ್ರಕ್ಕೆ ಓಮ್‌ನ ನಿಯಮವನ್ನು ಬೆರೆಸಿದಾಗ ಅದಕ್ಕೆ ಇನ್ನೆರಡು ರೂಪಗಳು ಬರುತ್ತವೆ. ವೋಲ್ಟಿನ ಬದಲಿಗೆ 'ಆಂಪೇರ್ ಗುಣಿಸು ಓಮ್' ಎಂದು ಇಟ್ಟರೆ, ಸಾಮರ್ಥ್ಯವು ಪ್ರವಾಹದ ವರ್ಗ ಗುಣಿಸು ರೋಧ. ಮ್ಯಾಂಚೆಸ್ಟರ್ ಸಮೀಪದ ಸಾಲ್ಫರ್ಡ್‌ನ ಮದ್ಯ ತಯಾರಕರ ಮನೆತನದಲ್ಲಿ ಹುಟ್ಟಿದ ಜೂಲ್, 1840ರ ಸುಮಾರಿಗೆ ಪ್ರಯೋಗದಿಂದ ಕಂಡದ್ದು ಈ ರೂಪವನ್ನು. ಆಂಪೇರಿನ ಬದಲಿಗೆ 'ವೋಲ್ಟ್ ಭಾಗಿಸು ಓಮ್' ಎಂದು ಇಟ್ಟರೆ, ಸಾಮರ್ಥ್ಯವು ವಿಭವಾಂತರದ ವರ್ಗ ಭಾಗಿಸು ರೋಧ. ಮೊದಲನೆಯದರಲ್ಲಿ ರೋಧ ಮೇಲಿದೆ, ಎರಡನೆಯದರಲ್ಲಿ ಕೆಳಗಿದೆ. ಹಾಗಾದರೆ ರೋಧ ಹೆಚ್ಚಿದಾಗ ಶಾಖ ಹೆಚ್ಚುತ್ತದೆಯೆ, ಕುಗ್ಗುತ್ತದೆಯೆ?

ಪ್ರಶ್ನೆಯೇ ಅಪೂರ್ಣ. ರೋಧವೊಂದನ್ನೇ ಬದಲಿಸಿ ಉಳಿದೆರಡನ್ನೂ ಇದ್ದಂತೆಯೇ ಇಟ್ಟುಕೊಳ್ಳುವುದು ಸಾಧ್ಯವಿಲ್ಲ. ಒಂದಾದರೂ ಅದರೊಡನೆ ಬದಲಾಗಲೇಬೇಕು. ಯಾವುದು ಸ್ಥಿರವಾಗಿ ನಿಂತಿದೆ ಎಂಬುದನ್ನು ಮೊದಲು ಕೇಳಬೇಕು. ಅಂದು ಕರಿಹಲಗೆಯ ಮೇಲೆ ನಾನು ಬಿಟ್ಟದ್ದು ಎರಡೇ ಪದಗಳನ್ನು: 'ಪ್ರವಾಹ ಸ್ಥಿರವಾಗಿದ್ದರೆ'.

ಶೆಗಡಿಗೆ ಗೋಡೆಯ ಪ್ಲಗ್ಗಿನಿಂದ ಬರುವುದು ಸ್ಥಿರವಾದ ಪ್ರವಾಹವಲ್ಲ, ಸ್ಥಿರವಾದ ವಿಭವಾಂತರ. ಕಾಯಿಲು ಉದ್ದವಿರಲಿ ಗಿಡ್ಡವಿರಲಿ, ಅದರ ತುದಿಗಳ ನಡುವೆ 230 ವೋಲ್ಟೇ. ಹುಡುಗ ಕಾಯಿಲಿನ ಹತ್ತನೆಯ ಒಂದು ಭಾಗವನ್ನು ಮುರಿದು ತೆಗೆದನೆನ್ನಿ. ರೋಧ 53ರಿಂದ ಸುಮಾರು 47.6 ಓಮ್‌ಗೆ ಇಳಿಯಿತು. ಪ್ರವಾಹ 4.83 ಆಂಪೇರಿಗೆ ಏರಿತು. ಸಾಮರ್ಥ್ಯ 230 ಗುಣಿಸು 4.83, ಅಂದರೆ ಸುಮಾರು 1110 ವ್ಯಾಟ್. ಇಷ್ಟೇ ಅಲ್ಲ. ಈ ಹೆಚ್ಚಿದ ಶಾಖ ಹೊರಬರಬೇಕಾದದ್ದು ಮೊದಲಿಗಿಂತ ಗಿಡ್ಡವಾದ ತಂತಿಯಿಂದ. ಪ್ರತಿ ಅಂಗುಲ ತಂತಿಯ ಪಾಲಿಗೆ ಬರುವ ಶಾಖ ನೂರಕ್ಕೆ ಇಪ್ಪತ್ತಮೂರರಷ್ಟು ಹೆಚ್ಚಾಯಿತು. ಕಾಯಿಲನ್ನು ಅರ್ಧಕ್ಕೆ ಕತ್ತರಿಸಿದರೆ ಒಟ್ಟು ಶಾಖ ಎರಡು ಪಟ್ಟು, ಅಂಗುಲದ ಲೆಕ್ಕದಲ್ಲಿ ನಾಲ್ಕು ಪಟ್ಟು. ಹೀಗಾಗಿ ಅದು ಹೆಚ್ಚು ಕೆಂಪಾಗುತ್ತದೆ, ಬೇಗ ಸವೆಯುತ್ತದೆ, ಮತ್ತೆ ತುಂಡಾಗುತ್ತದೆ. ಮತ್ತೆ ಮುರಿದು ಸಿಕ್ಕಿಸಿದರೆ ಇನ್ನೂ ಬೇಗ. ಆ ಹುಡುಗನ ಕಣ್ಣು ಅವನನ್ನು ವಂಚಿಸಿರಲಿಲ್ಲ.

ಪ್ರವಾಹ ಸಮಾನವಾಗಿರುವ ಸಂದರ್ಭಕ್ಕೆ ಬೇರೆಯೊಂದು ಉದಾಹರಣೆ ಬೇಕು. 100 ವ್ಯಾಟ್ ಮತ್ತು 40 ವ್ಯಾಟಿನ ಎರಡು ಬಲ್ಬುಗಳನ್ನು ಒಂದರ ಹಿಂದೊಂದರಂತೆ ಸರಣಿಯಲ್ಲಿ ಜೋಡಿಸಿ 230 ವೋಲ್ಟಿಗೆ ಹಚ್ಚಿದರೆ ಯಾವುದು ಹೆಚ್ಚು ಬೆಳಗುತ್ತದೆ? ನೂರರದ್ದು ಎಂದು ಬಹುಮಂದಿ ಹೇಳುತ್ತಾರೆ. ಬೆಳಗುವುದು ನಲವತ್ತರದ್ದು. ಅದರ ರೋಧ ಸುಮಾರು 1320 ಓಮ್, ನೂರರದ್ದು 529. ಸರಣಿಯಲ್ಲಿ ಎರಡರಲ್ಲೂ ಹರಿಯುವುದು ಒಂದೇ ಪ್ರವಾಹ, ಸುಮಾರು 0.124 ಆಂಪೇರ್. ಇದರ ವರ್ಗವನ್ನು ಆಯಾ ರೋಧದಿಂದ ಗುಣಿಸಿದರೆ ನಲವತ್ತರ ಬಲ್ಬಿಗೆ ಸುಮಾರು 20 ವ್ಯಾಟ್, ನೂರರದ್ದಕ್ಕೆ ಸುಮಾರು 8. (ಮಂಕಾಗಿ ಉರಿಯುವಾಗ ತಂತುಗಳ ರೋಧ ಇಳಿಯುವುದರಿಂದ ನಿಜದ ಅಂಕಿಗಳು ಬೇರೆಯಾಗುತ್ತವೆ, ಮೇಲುಗೈ ಮಾತ್ರ ನಲವತ್ತರದೇ.) ಮನೆಯಲ್ಲಿ ಬಲ್ಬುಗಳು ಸಮಾಂತರವಾಗಿ ಜೋಡಿಸಲ್ಪಟ್ಟಿರುವುದರಿಂದ ಎರಡಕ್ಕೂ ವೋಲ್ಟ್ ಸಮಾನ, ಅಲ್ಲಿ ಕಡಿಮೆ ರೋಧದ ನೂರರದ್ದೇ ಗೆಲ್ಲುತ್ತದೆ.

ಇಲ್ಲಿ ಇನ್ನೊಂದು ಎಚ್ಚರ ಅಗತ್ಯ. ಮೂರು ರೂಪಗಳೂ ಒಂದೇ ಉತ್ತರವನ್ನು ಕೊಡಬೇಕಾದರೆ ವೋಲ್ಟ್, ಆಂಪೇರ್, ಓಮ್ ಮೂರೂ ಒಂದೇ ತುಂಡಿಗೆ ಸೇರಿದವಾಗಿರಬೇಕು. ಇದನ್ನು ಮರೆತರೆ ಎಂಥ ಅಸಂಬದ್ಧಕ್ಕೆ ಹೋಗುತ್ತೇವೆಂಬುದಕ್ಕೆ ಕನ್ನಡ ನಾಡಿನದೇ ನಿದರ್ಶನವಿದೆ. ಕಾವೇರಿಯ ಶಿವನಸಮುದ್ರದ ಜಲವಿದ್ಯುದಾಗಾರದಿಂದ ಕೋಲಾರದ ಚಿನ್ನದ ಗಣಿಗಳಿಗೆ 1902ರಲ್ಲಿ ವಿದ್ಯುತ್ತು ಹರಿಯಿತು. ದೂರ ಸುಮಾರು 147 ಕಿಲೋಮೀಟರ್. ಒತ್ತಡ 30,000 ವೋಲ್ಟ್. ಈ ಯೋಜನೆಗೆ ಬೆನ್ನಾಗಿ ನಿಂತಿದ್ದ ದಿವಾನ್ ಶೇಷಾದ್ರಿ ಅಯ್ಯರ್ 1901ರಲ್ಲೇ ತೀರಿಕೊಂಡಿದ್ದರಿಂದ ಅದರ ಫಲವನ್ನು ಕಾಣಲಿಲ್ಲ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಅದಕ್ಕೂ ಮೂರು ವರ್ಷಗಳ ಬಳಿಕ, 1905ರಲ್ಲಿ. ಆ ಗಣಿಗಳು 2001ರಲ್ಲಿ ಮುಚ್ಚಿದವು.

ಅಷ್ಟು ಭಯಂಕರ ಒತ್ತಡ ಏಕೆ ಬೇಕಾಯಿತು? ಲೆಕ್ಕ ಸರಳವಾಗಲೆಂದು ನಾನೇ ಕೆಲವು ಅಂಕಿಗಳನ್ನು ಊಹಿಸಿಕೊಳ್ಳುತ್ತೇನೆ: ಕಳಿಸಬೇಕಾದ ಸಾಮರ್ಥ್ಯ 3000 ಕಿಲೋವ್ಯಾಟ್, ಹೋಗಿಬರುವ ತಂತಿಗಳ ಒಟ್ಟು ರೋಧ 30 ಓಮ್. (ನಿಜದ ಮಾರ್ಗದಲ್ಲಿದ್ದುದು ಮೂರು ತಂತಿಗಳ ವ್ಯವಸ್ಥೆ, ತತ್ತ್ವ ಅದೇ.) 30,000 ವೋಲ್ಟಿನಲ್ಲಿ ಕಳಿಸಿದರೆ ಪ್ರವಾಹ 100 ಆಂಪೇರ್. ನೂರರ ವರ್ಗ ಗುಣಿಸು 30, ಅಂದರೆ 300 ಕಿಲೋವ್ಯಾಟ್ ತಂತಿಯಲ್ಲೇ ಶಾಖವಾಗಿ ನಷ್ಟ. ಹತ್ತರಲ್ಲಿ ಒಂದು ಪಾಲು. ಅದನ್ನೇ 3000 ವೋಲ್ಟಿನಲ್ಲಿ ಕಳಿಸಹೊರಟರೆ ಪ್ರವಾಹ 1000 ಆಂಪೇರ್. ನಷ್ಟ ನೂರು ಪಟ್ಟು, 30,000 ಕಿಲೋವ್ಯಾಟ್. ಕಳಿಸುವುದಕ್ಕಿಂತ ಹತ್ತು ಪಟ್ಟು ದಾರಿಯಲ್ಲೇ ಹೋಗಬೇಕು! ಅಂದರೆ ಆ ತಂತಿಯಲ್ಲಿ ಆ ಒತ್ತಡದಿಂದ ಅಷ್ಟು ವಿದ್ಯುತ್ತನ್ನು ಕಳಿಸುವುದೇ ಅಶಕ್ಯ.

ಈಗ ಜಾಣ ವಿದ್ಯಾರ್ಥಿಯೊಬ್ಬ ಮತ್ತೊಂದು ರೂಪವನ್ನು ಹಿಡಿದು ವಾದಿಸಬಹುದು: ವಿಭವಾಂತರದ ವರ್ಗ ಭಾಗಿಸು ರೋಧ ಎಂದಾದರೆ, 30,000ದ ವರ್ಗವನ್ನು 30ರಿಂದ ಭಾಗಿಸಿ, 30,000 ಕಿಲೋವ್ಯಾಟ್ ನಷ್ಟ ಬರುತ್ತದಲ್ಲ, ಒತ್ತಡ ಹೆಚ್ಚಿದಷ್ಟೂ ನಷ್ಟ ಹೆಚ್ಚಬೇಕಲ್ಲ? ತಪ್ಪು ಎಲ್ಲಿದೆಯೆಂದರೆ, 30,000 ವೋಲ್ಟ್ ಇರುವುದು ಹೋಗುವ ತಂತಿಗೂ ಬರುವ ತಂತಿಗೂ ನಡುವೆ. ತಂತಿಯ ಈ ತುದಿಗೂ ಆ ತುದಿಗೂ ನಡುವೆ ಅಲ್ಲ. ಮಾರ್ಗದುದ್ದಕ್ಕೂ ಕಳೆದುಹೋಗುವ ವೋಲ್ಟ್ 100 ಗುಣಿಸು 30, ಅಂದರೆ 3000 ಮಾತ್ರ. ಅದರ ವರ್ಗವನ್ನು 30ರಿಂದ ಭಾಗಿಸಿ ನೋಡಿ: ಅದೇ 300 ಕಿಲೋವ್ಯಾಟ್. ತಂತಿಯ ಓಮ್‌ಗೆ ತಂತಿಯ ವೋಲ್ಟನ್ನೇ ಕೊಟ್ಟೆವು, ಜಗಳ ಮುಗಿಯಿತು.

ಪುನಃ ಶೆಗಡಿಗೆ ಬರೋಣ. ಕಾಯಿಲನ್ನು ಸಿಕ್ಕಿಸಿದ ಜಾಗದಲ್ಲೇ ಅದು ಮತ್ತೆ ತುಂಡಾಗುವುದನ್ನು ಆ ಹುಡುಗ ಖಂಡಿತ ಗಮನಿಸಿದ್ದಿರಬೇಕು. ಕೊಂಡಿಯಂತೆ ಬಾಗಿಸಿ ಸಿಕ್ಕಿಸಿದಲ್ಲಿ ಲೋಹಕ್ಕೆ ಲೋಹ ಸರಿಯಾಗಿ ತಾಗುವುದಿಲ್ಲ. ಅಲ್ಲಿ ರೋಧ ಹೆಚ್ಚು. ಆ ಕೊಂಡಿಗೂ ಉಳಿದ ತಂತಿಗೂ ಹರಿಯುವ ಪ್ರವಾಹ ಒಂದೇ. ಆದ್ದರಿಂದ ಅಲ್ಲಿ ಜೂಲ್‌ನ ರೂಪ ನಡೆಯುತ್ತದೆ: ರೋಧ ಹೆಚ್ಚಿದಲ್ಲಿ ಶಾಖ ಹೆಚ್ಚು. ಒಂದೇ ಶೆಗಡಿಯಲ್ಲಿ ಇಡೀ ಕಾಯಿಲು ರೋಧ ಇಳಿದದ್ದರಿಂದ ಹೆಚ್ಚು ಕಾಯುತ್ತಿದೆ. ಅದರ ಕೊಂಡಿ ರೋಧ ಏರಿದ್ದರಿಂದ ಇನ್ನೂ ಹೆಚ್ಚು ಕಾಯುತ್ತಿದೆ. ನಾನು ಹೇಳಿದ್ದೂ ಅವನು ಕಂಡದ್ದೂ ಆ ಒಂದು ಬಟ್ಟಲಲ್ಲೇ ಇದ್ದವು.

ಶೆಗಡಿ ಕಾಯಲೆಂದೇ ಇರುವ ಸಾಧನ; ಕೊಂಡಿ ಸುಟ್ಟರೆ ಚಹಾ ತಡವಾದೀತು, ಅಷ್ಟೆ. ಇದೇ ಸಂಗತಿ ಗೋಡೆಯ ಒಳಗೆ ನಡೆದರೆ ಮಾತು ಬೇರೆ. ಹಳೆಯ ಕಟ್ಟಡಗಳಲ್ಲಿ ಹಿಂದೆ ಎರಡು ಬಲ್ಬು, ಒಂದು ಫ್ಯಾನಿಗಾಗಿ ಎಳೆದ ತಂತಿಗಳ ಮೇಲೆ ಈಗ ಗೀಸರು, ಏರ್ ಕಂಡೀಷನರುಗಳ ಭಾರ ಬಿದ್ದಿದೆ. 2300 ವ್ಯಾಟಿನ ಗೀಸರನ್ನು ತೆಗೆದುಕೊಳ್ಳಿ: ಪ್ರವಾಹ 10 ಆಂಪೇರ್, ರೋಧ 23 ಓಮ್. ಪ್ಲಗ್ಗಿನ ಸಾಕೆಟ್ಟಿನಲ್ಲಿ ಒಂದು ತಿರುಪು ಸಡಿಲವಾಗಿ ಅಲ್ಲಿ ಅರ್ಧ ಓಮ್ ರೋಧ ಹುಟ್ಟಿಕೊಂಡಿತೆನ್ನಿ. ಒಟ್ಟು ರೋಧ 23.5, ಪ್ರವಾಹ 9.79 ಆಂಪೇರಿಗೆ ಇಳಿಯಿತು. ಗೀಸರಿನ ನೀರು ತುಸು ನಿಧಾನವಾಗಿ ಕಾಯುತ್ತದೆ. ಯಾರ ಗಮನಕ್ಕೂ ಬಾರದಷ್ಟು. ಆದರೆ 9.79ರ ವರ್ಗ ಗುಣಿಸು ಅರ್ಧ: ಸುಮಾರು 48 ವ್ಯಾಟ್. ರೇಡಿಯೋ ರಿಪೇರಿಯವನು ಸೀಸ ಕರಗಿಸಲು ಬಳಸುವ ಬೆಸುಗೆಕಡ್ಡಿಯ ಸಾಮರ್ಥ್ಯ ಸಾಮಾನ್ಯವಾಗಿ ಇಷ್ಟೇ ಅಥವಾ ಇದಕ್ಕಿಂತಲೂ ಕಡಿಮೆ. ಅಷ್ಟು ಶಾಖ ಕಡಲೆಬೀಜದಷ್ಟು ಜಾಗದಲ್ಲಿ, ಪ್ಲಾಸ್ಟಿಕ್ಕಿನ ಹೊದಿಕೆಯ ಒಳಗೆ, ಮರದ ಹಲಗೆಯ ಬೆನ್ನಿಗೆ.

ಇದಕ್ಕಿಂತ ಮುಖ್ಯವಾದದ್ದು ಇನ್ನೊಂದು. ಫ್ಯೂಸು ಹೋಗುವುದಿಲ್ಲ. ಇಂದಿನ ಎಂ.ಸಿ.ಬಿ. ಕೂಡ ಬೀಳುವುದಿಲ್ಲ. ಇವೆರಡೂ ಕಾಯುವುದು ಪ್ರವಾಹ ಮಿತಿಮೀರುವುದನ್ನು; ಸಡಿಲ ಕೀಲಿನಲ್ಲಿ ಪ್ರವಾಹ ಏರುವುದಿಲ್ಲ, ಇಳಿಯುತ್ತದೆ. ಮೀಟರಿನ ಅಂಕಿಯಲ್ಲೂ ಸುಳಿವಿರದು. ಶಾಖದಿಂದ ತಿರುಪಿನ ಮೇಲೆ ಕಿಲುಬು ಕಟ್ಟಿ ರೋಧ ಮತ್ತಷ್ಟು ಏರುತ್ತದೆ. ರೋಧ ಏರಿದಂತೆ ಶಾಖವೂ ಏರುತ್ತದೆ. ಅದನ್ನು ತಿಳಿಯಲು ಮನೆಯವರಿಗಿರುವ ಒಂದು ಉಪಾಯ: ಗೀಸರನ್ನು ಅರ್ಧ ಗಂಟೆ ನಡೆಸಿ, ಸ್ವಿಚ್ಚು ಆರಿಸಿ, ಪ್ಲಗ್ಗನ್ನು ಹೊರಗೆಳೆದು ಅದರ ಪಿನ್ನುಗಳ ಸುತ್ತಲಿನ ಭಾಗವನ್ನು ಒಣಗಿದ ಕೈಯ ಹಿಂಬದಿಯಿಂದ ಹತ್ತಿರ ಹಿಡಿದು ನೋಡುವುದು. ತುಸು ಬೆಚ್ಚಗಿದ್ದರೆ ಚಿಂತೆಯಿಲ್ಲ. ಬಿಸಿ ತಾಗಿದರೆ, ಪಿನ್ನಿನ ಬುಡ ಕಂದಿದ್ದರೆ, ಮೀನಿನಂಥ ವಾಸನೆಯೋ ಸುಟ್ಟ ವಾಸನೆಯೋ ಬಂದರೆ, ಅರ್ಧ ಓಮ್ ಅಲ್ಲಿ ಕುಳಿತಿದೆ ಎಂದು ತಿಳಿದು, ಮೀಟರಿನ ಬಳಿಯ ಮುಖ್ಯ ಸ್ವಿಚ್ಚನ್ನು ಆರಿಸಿ, ಸಾಕೆಟ್ಟನ್ನು ಬದಲಿಸಿ ತಿರುಪು ಬಿಗಿಸಲು ಬಲ್ಲ ಕೆಲಸಗಾರನನ್ನು ಕರೆಯಬೇಕು.